ಹಬ್ಬಕ್ಕೆ ಬರುವ ಹಳೆಯ ಗೆಳೆಯರು

ಹಬ್ಬವೆಂದರೆ ಪುನರ್ದರ್ಶನ. ವರ್ಷವೆಲ್ಲ ದೂರವಿದ್ದವರು ಒಂದೆರಡು ದಿನಗಳ ಮಟ್ಟಿಗಾದರೂ ಒಂದೇ ಸೂರಿನ ಕೆಳಗೆ ಸೇರುವುದು ಅದರ ತಿರುಳು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ದೀಪಾವಳಿಗೆ 'ದೊಡ್ಡಹಬ್ಬ'ವೆಂದೇ ಹೆಸರು. ಆ ಹಬ್ಬಕ್ಕೆ ಬರುವ ಅತಿಥಿಗಳಲ್ಲಿ ಅಗ್ರಗಣ್ಯನಾದವನು ಬಲೀಂದ್ರ. ವಾಮನನ ಮೂರನೆಯ ಹೆಜ್ಜೆಗೆ ತಲೆಯೊಡ್ಡಿ ಪಾತಾಳಕ್ಕಿಳಿದ ಆ ದೊರೆ ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ಕಾಣಲು ಮೇಲೆ ಬರುವನೆಂಬ ನಂಬಿಕೆಯಿಂದ ಮನೆಮನೆಯಲ್ಲಿ ಅವನನ್ನು ಸ್ಥಾಪಿಸಿ, ಪೂಜಿಸಿ, ಮರಳಿ ಬೀಳ್ಕೊಡುತ್ತಾರೆ. ಇರುಳಿನಲ್ಲಿ ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಹೋಗುವ ಬಿಂಗಿ ಪದದವರ ದನಿಯೂ ಈ ಸ್ವಾಗತದ ಅಂಗವೇ ಆಗಿದೆ. ಹೋದವನು ಬರುತ್ತಾನೆ, ಬಂದವನು ಮತ್ತೆ ಹೋಗುತ್ತಾನೆ, ಮುಂದಿನ ವರ್ಷ ಮತ್ತೆ ಬಂದೇ ಬರುತ್ತಾನೆ. ಈ ಭರವಸೆಯೇ ಹಬ್ಬದ ಸಂತೋಷಕ್ಕೆ ಮೂಲ.

ಈ ಬಯಕೆ ನಮ್ಮ ಸೀಮೆಗೆ ಮಾತ್ರ ಮೀಸಲಾದುದಲ್ಲ. ಪಶ್ಚಿಮದ ದೇಶಗಳಲ್ಲಿ ಕ್ರಿಸ್ಮಸ್ಸಿನ ದಿನಗಳಲ್ಲಿ ದೂರದರ್ಶನದ ಮುಂದೆ ಮನೆಮಂದಿಯೆಲ್ಲ ಕುಳಿತು, ಮಕ್ಕಳಿಗೆ ಪ್ರಿಯವಾದ ಕಲ್ಪಿತ ಪಾತ್ರಗಳ ಅನಿಮೇಷನ್ ಚಿತ್ರವೊಂದನ್ನು ನೋಡುವ ಸಂಪ್ರದಾಯ ಹಲವು ದಶಕಗಳಿಂದ ಬೆಳೆದುಬಂದಿದೆ. ಕೆಂಪು ಮೂಗಿನ ಹಿಮಸಾರಂಗವಾದ ರುಡಾಲ್ಫನ ಕಥೆಯ ಚಿತ್ರವು ೧೯೬೪ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಸಾರವಾಗಿ, ಅಂದಿನಿಂದ ವರ್ಷವರ್ಷವೂ ಮರಳಿ ಬರುತ್ತಿದೆ. ಮುಂದೆ ಚಿತ್ರಮಂದಿರಗಳಲ್ಲಿ ಯಶಸ್ವಿಯಾದ ಮಾಲಿಕೆಗಳ ಪಾತ್ರಗಳನ್ನು ಹಬ್ಬದ ಸಲುವಾಗಿ ಮತ್ತೆ ಕೂಡಿಸುವ ಪದ್ಧತಿಯೂ ಹುಟ್ಟಿತು. 'ಶ್ರೆಕ್' ಮಾಲಿಕೆಯ ಗೆಳೆಯರು ೨೦೦೭ರಲ್ಲಿ, 'ಐಸ್ ಏಜ್' ಮಾಲಿಕೆಯ ಗೆಳೆಯರು ೨೦೧೧ರಲ್ಲಿ ಹೀಗೆ ಸೇರಿದರು. ಡ್ರ್ಯಾಗನ್ ಮತ್ತು ಬಾಲಕನ ಸ್ನೇಹವನ್ನು ಮೂರು ಚಿತ್ರಗಳಲ್ಲಿ ಹೇಳಿ, ೨೦೧೯ರಲ್ಲಿ ಅವರ ಅಗಲಿಕೆಯೊಡನೆ ಮುಗಿದ ಮಾಲಿಕೆಗೆ ಅದೇ ವರ್ಷದ ಡಿಸೆಂಬರಿನಲ್ಲಿ 'ಹೋಮ್‌ಕಮಿಂಗ್' ಎಂಬ ಕಿರುಚಿತ್ರ ಬಂದು, ಹಬ್ಬದ ನೆವದಿಂದ ಅಗಲಿದವರನ್ನು ಕೂಡಿಸಿತು. ಹೆಸರು ಬೇರೆ, ವೇಷ ಬೇರೆ. ಬಲೀಂದ್ರನನ್ನು ಕರೆಯುವ ಮನಸ್ಸು ಮಾತ್ರ ಒಂದೇ.

ಈ ವಿಷಯವನ್ನು ವಿಜ್ಞಾನದ ಪತ್ರಿಕೆಯಲ್ಲಿ ಎತ್ತಿಕೊಳ್ಳಲು ಕಾರಣವುಂಟು. ಇಂಥ ಹಬ್ಬದ ಚಿತ್ರಗಳಲ್ಲೊಂದು ಸಿದ್ಧವಾದುದು ನಮ್ಮ ಬೆಂಗಳೂರಿನಲ್ಲಿ ಎಂಬ ಸಂಗತಿ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ೨೦೦೮ರಲ್ಲಿ ಅಮೆರಿಕದ ಡ್ರೀಮ್‌ವರ್ಕ್ಸ್ ಸಂಸ್ಥೆಗಾಗಿಯೇ ಕೆಲಸಮಾಡುವ ಒಂದು ಘಟಕವು ಬೆಂಗಳೂರಿನಲ್ಲಿ ಆರಂಭವಾಯಿತು. ಪ್ಯಾಪ್ರಿಕಾಸ್ ಎಂಬ ಸ್ಥಳೀಯ ಸಂಸ್ಥೆಯ ತಳಹದಿಯ ಮೇಲೆ ನಿಂತ ಆ ಘಟಕವನ್ನು ಟೆಕ್ನಿಕಲರ್ ಸಂಸ್ಥೆಯು ನಡೆಸಿತು. ೨೦೦೫ರ 'ಮಡಗಾಸ್ಕರ್' ಚಿತ್ರದ ಸಿಂಹ, ಪಟ್ಟೆಕುದುರೆ, ಜಿರಾಫೆ, ನೀರಾನೆಗಳನ್ನು ಮತ್ತೆ ಕೂಡಿಸಿದ 'ಮೆರಿ ಮಡಗಾಸ್ಕರ್' ಎಂಬ ಹಬ್ಬದ ಚಿತ್ರವು ೨೦೦೯ರ ನವೆಂಬರಿನಲ್ಲಿ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾಯಿತು. ಅದರ ಹಿಂದೆ ಬೆಂಗಳೂರಿನ ಕಲಾವಿದರ ದುಡಿಮೆಯಿತ್ತು. ೨೦೧೧ರ 'ಪುಸ್ ಇನ್ ಬೂಟ್ಸ್' ಚಿತ್ರದ ಕೆಲವು ಮುಖ್ಯ ದೃಶ್ಯಗಳೂ ಇಲ್ಲಿಯೇ ರೂಪುಗೊಂಡವು. ಸಾಂತಾಕ್ಲಾಸನ ಗಡ್ಡದ ಒಂದೊಂದು ಕೂದಲನ್ನೂ ಅಲುಗಿಸಿದ ಕೈಗಳಲ್ಲಿ ದೊಡ್ಡಹಬ್ಬಕ್ಕೆ ಊರಿಗೆ ಹೋಗಿಬರುವ ಕೈಗಳೂ ಇದ್ದಿರಲಾರವೆ?

ಇಂಥ ಚಿತ್ರವೊಂದು ಬೇಡುವ ದುಡಿಮೆ ಎಷ್ಟೆಂಬುದನ್ನು ಸ್ವಲ್ಪ ಲೆಕ್ಕಹಾಕಿ ನೋಡೋಣ. ಚಲಚ್ಚಿತ್ರದಲ್ಲಿ ನಿಜವಾಗಿ ಯಾವುದೂ ಚಲಿಸುವುದಿಲ್ಲ. ಸ್ವಲ್ಪಸ್ವಲ್ಪವೇ ಬೇರೆಯಾದ ಸ್ಥಿರಚಿತ್ರಗಳು ಒಂದಾದಮೇಲೊಂದು ಕಣ್ಣಿನ ಮುಂದೆ ಹಾಯುತ್ತವೆ. ಅವುಗಳ ನಡುವಿನ ಚಲನೆಯನ್ನು ಕಲ್ಪಿಸಿಕೊಳ್ಳುವುದು ನಮ್ಮ ಮಿದುಳು. ೧೮೩೨ರಲ್ಲಿ ಬೆಲ್ಜಿಯಂ ದೇಶದ ಜೋಸೆಫ್ ಪ್ಲಾಟೋ ಸೀಳುಗಳಿದ್ದ ತಿರುಗುವ ತಟ್ಟೆಯೊಂದರಿಂದ ಈ ಭ್ರಮೆಯನ್ನು ಮಾಡಿತೋರಿಸಿದನು. ೧೯೧೨ರಲ್ಲಿ ಮನಶ್ಶಾಸ್ತ್ರಜ್ಞನಾದ ಮ್ಯಾಕ್ಸ್ ವರ್ಟೈಮರನು ಈ ತೋರಿಕೆಯ ಚಲನೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದನು. ಹಿಂದಿನ ಚಿತ್ರದ ಅಚ್ಚು ಕಣ್ಣಿನಲ್ಲಿ ಕೆಲಹೊತ್ತು ಉಳಿಯುವುದರಿಂದ ಮಾತ್ರವೇ ಚಲನೆ ಕಾಣುವುದೆಂದು ಹಲವು ಪಠ್ಯಗಳು ಹೇಳುವುದುಂಟು. ಅದು ಅಪೂರ್ಣವಾದ ವಿವರಣೆ. ಅಚ್ಚು ಉಳಿಯುವುದೊಂದೇ ಕಾರಣವಾಗಿದ್ದರೆ ಚಿತ್ರಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಾಗಿತ್ತು. ಎರಡು ಸ್ಥಾನಗಳನ್ನು ಕಂಡು ನಡುವಿನ ಹಾದಿಯನ್ನು ತಾನೇ ತುಂಬಿಕೊಳ್ಳುವ ಮಿದುಳಿನ ಶಕ್ತಿಯೇ ಇಲ್ಲಿ ಪ್ರಧಾನವಾದುದು.

ಚಲಚ್ಚಿತ್ರದ ರೂಢಿಯ ವೇಗ ಸೆಕೆಂಡಿಗೆ ೨೪ ಚಿತ್ರಗಳು. ದೂರದರ್ಶನದ ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತುಗಳನ್ನು ಕಳೆದರೆ ಕಥೆಗೆ ಉಳಿಯುವುದು ಸುಮಾರು ೨೨ ನಿಮಿಷ. ೨೨ನ್ನು ೬೦ರಿಂದಲೂ, ಬಂದುದನ್ನು ೨೪ರಿಂದಲೂ ಗುಣಿಸಿದರೆ ೩೧,೬೮೦ ಚಿತ್ರಗಳಾದವು. ಗಣಕಯಂತ್ರವು ಬೆಳಕು, ನೆರಳು, ರೋಮಗಳನ್ನೆಲ್ಲ ಎಣಿಸಿ ಒಂದು ಚಿತ್ರವನ್ನು ಮುಗಿಸಲು ಒಂದು ಗಂಟೆ ತೆಗೆದುಕೊಳ್ಳುವುದೆಂದು ಭಾವಿಸೋಣ. ಒಂದೇ ಯಂತ್ರದಿಂದ ಕೆಲಸ ಮಾಡಿಸಿದರೆ ೧,೩೨೦ ದಿನಗಳು, ಎಂದರೆ ಮೂರೂವರೆ ವರ್ಷಕ್ಕಿಂತಲೂ ಹೆಚ್ಚು ಕಾಲ ಬೇಕು. ಆದಕಾರಣವೇ ನೂರಾರು ಯಂತ್ರಗಳನ್ನು ಸಾಲಾಗಿ ಹೂಡಿ ಏಕಕಾಲದಲ್ಲಿ ದುಡಿಸುತ್ತಾರೆ. ಯಂತ್ರದ ಈ ದುಡಿಮೆಗೂ ಮೊದಲು ಮನುಷ್ಯರು ಪಾತ್ರದ ಆಕಾರವನ್ನು ಕಡೆದು, ಅದರೊಳಗೆ ಎಲುಬುಗೂಡಿನಂಥ ಚೌಕಟ್ಟನ್ನು ಕೂಡಿಸಿ, ಪ್ರಧಾನ ಭಂಗಿಗಳನ್ನು ನಿರ್ಣಯಿಸಿ, ಭಂಗಿಯಿಂದ ಭಂಗಿಗೆ ಸಾಗುವ ಗತಿಯನ್ನು ತಿದ್ದಿರಬೇಕು. ತೆರೆಯ ಮೇಲೆ ಎರಡು ಸೆಕೆಂಡು ನಗುವ ಸಿಂಹದ ಹಿಂದೆ ಒಬ್ಬ ಕಲಾವಿದನ ಹಲವು ದಿನಗಳ ತಾಳ್ಮೆ ಅಡಗಿರುವುದುಂಟು.

ಈಗ ನಮ್ಮ ಅಭಿಪ್ರಾಯಕ್ಕೆ ಬರೋಣ. ಪರರ ಹಬ್ಬಕ್ಕೆ ಚಿತ್ರ ಬರೆದುಕೊಟ್ಟ ಕೈಗಳು ನಮ್ಮ ಹಬ್ಬಕ್ಕೂ ಚಿತ್ರ ಬರೆಯಬೇಕು. ಆ ಕೆಲಸವು ಬೆಂಗಳೂರಿನ ದೊಡ್ಡ ಕಟ್ಟಡಗಳಲ್ಲಿಯೇ ಆಗಬೇಕೆಂಬ ನಿಯಮವಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಪ್ರೌಢಶಾಲೆ ಕಾಲೇಜುಗಳಿಂದಲೇ ಅದು ಮೊದಲಾಗಬಹುದು, ಮೊದಲಾಗಬೇಕು. ಇದು ಬರಿಯ ಅಭಿಮಾನದ ಮಾತಲ್ಲ. ಇದರಲ್ಲಿ ನಮ್ಮ ಯುವಕಯುವತಿಯರ ಜೀವನೋಪಾಯದ ಪ್ರಶ್ನೆಯೂ ಅಡಗಿದೆ.

೨೦೨೫ರ ಫೆಬ್ರವರಿಯಲ್ಲಿ ನಡೆದುದನ್ನು ನೆನೆಯಬೇಕು. ಪ್ಯಾರಿಸಿನಲ್ಲಿ ಕೇಂದ್ರವಿದ್ದ ಟೆಕ್ನಿಕಲರ್ ಸಮೂಹವು ಹಣದ ಬಿಕ್ಕಟ್ಟಿಗೆ ಸಿಲುಕಿ ಕುಸಿಯಿತು. ಬೆಂಗಳೂರು, ಮುಂಬಯಿಗಳಲ್ಲಿದ್ದ ಅದರ ಕಚೇರಿಗಳು ಮುಚ್ಚಿದವು. ಭಾರತದಲ್ಲಿ ಮೂರು ಸಾವಿರದಷ್ಟು ಮಂದಿಯ ಕೆಲಸಕ್ಕೆ ಕುತ್ತು ಬಂತೆಂದು ಪತ್ರಿಕೆಗಳು ವರದಿಮಾಡಿದವು. ಅವರಲ್ಲಿ ಬಹುಮಂದಿ ಬೆಂಗಳೂರಿನವರು. ಅವರ ಕೌಶಲದಲ್ಲಿ ಕೊರತೆಯಿರಲಿಲ್ಲ, ದುಡಿಮೆಯಲ್ಲಿ ಸೋಮಾರಿತನವಿರಲಿಲ್ಲ. ಆದರೆ ಕಥೆ ಅವರದಲ್ಲ, ಪಾತ್ರಗಳು ಅವರವಲ್ಲ, ಹಕ್ಕು ಅವರದಲ್ಲ. ಸಾವಿರಾರು ಮೈಲಿ ದೂರದ ಲೆಕ್ಕಪುಸ್ತಕವೊಂದು ಮುಚ್ಚಿದೊಡನೆ ಇಲ್ಲಿನ ಬಾಗಿಲೂ ಮುಚ್ಚಿತು. ಅಡಕೆಯ ಬೆಲೆ ದೂರದ ಮಾರುಕಟ್ಟೆಯಲ್ಲಿ ಇಳಿದರೆ ತೋಟದ ಮಾಲೀಕನಿಗೆ ತೋಟವಾದರೂ ಉಳಿಯುತ್ತದೆ. ಪರರ ಪಾತ್ರಗಳನ್ನು ಕೂಲಿಗೆ ಆಡಿಸಿದವನಿಗೆ ಏನು ಉಳಿಯಿತು?

ಉಳಿಯುವುದೊಂದುಂಟು, ಅದು ಕೈಯಲ್ಲಿ ನೆಲೆನಿಂತ ವಿದ್ಯೆ. ಪರರ ಕೆಲಸವನ್ನು ಮಾಡಿಕೊಡುವುದು ಹೀನವೆಂದು ನಾವು ಹೇಳುತ್ತಿಲ್ಲ. ಈ ಬಗೆಗೆ ಜಪಾನಿನ ಉದಾಹರಣೆ ಮನನೀಯವಾದುದು. ಮೇಲೆ ಹೇಳಿದ ೧೯೬೪ರ ರುಡಾಲ್ಫನ ಚಿತ್ರದ ಕಥೆ, ಹಾಡುಗಳು ಅಮೆರಿಕದ ಕಡೆಯವು. ಗೊಂಬೆಗಳನ್ನು ಒಂದೊಂದು ಚಿತ್ರಕ್ಕೂ ಕೂದಲೆಳೆಯಷ್ಟು ಸರಿಸಿ ಜೀವ ತುಂಬಿದವರು ಟೋಕಿಯೋದಲ್ಲಿ ಟಾಡಹಿಟೊ ಮೊಚಿನಗ ಅವರ ಕೈಕೆಳಗೆ ದುಡಿದವರು. ಅದೇ ಅಮೆರಿಕನ್ ನಿರ್ಮಾಪಕರಿಗೆ ೧೯೭೭ರಲ್ಲಿ 'ದ ಹಾಬಿಟ್' ಎಂಬ ಅದ್ಭುತಕಥೆಯ ಚಿತ್ರವನ್ನು ಬರೆದುಕೊಟ್ಟುದು ಟಾಪ್‌ಕ್ರಾಫ್ಟ್ ಎಂಬ ಜಪಾನಿ ಸಂಸ್ಥೆ. ಈ ಟಾಪ್‌ಕ್ರಾಫ್ಟಿನ ಚಿತ್ರಶಾಲೆಯಲ್ಲಿಯೇ ೧೯೮೪ರಲ್ಲಿ ಹಯಾವೊ ಮಿಯಾಜಾಕಿಯವರ 'ನೌಸಿಕಾ' ರೂಪುಗೊಂಡಿತು. ೧೯೮೫ರಲ್ಲಿ ಘಿಬ್ಲಿ ಸಂಸ್ಥೆ ಹುಟ್ಟಿದಾಗ ಟಾಪ್‌ಕ್ರಾಫ್ಟಿನ ಕೆಲವರು ಅದರಲ್ಲಿ ಸೇರಿದರು. ಮುಂದೆ ಆ ಸಂಸ್ಥೆಯ ಚಿತ್ರಗಳು ಲೋಕವನ್ನೇ ಗೆದ್ದುವು. ಕೂಲಿಯ ಕೆಲಸವು ಅವರಿಗೆ ಪಾಠಶಾಲೆಯಾಯಿತು. ಪಾಠ ಮುಗಿದಮೇಲೆ ಅವರು ತಮ್ಮ ನಾಡಿನ ಕಾಡು, ಗದ್ದೆ, ದೇವರು, ಅಜ್ಜಿಯರನ್ನು ಚಿತ್ರಿಸಿದರು. ಪಾಠಶಾಲೆಯಲ್ಲಿಯೇ ಜೀವಮಾನವನ್ನು ಕಳೆಯಬಾರದೆಂಬುದಷ್ಟೇ ನಮ್ಮ ವಾದ.

ನಮ್ಮ ದೇಶಕ್ಕೂ ಈ ವಿದ್ಯೆ ಹೊಸತಲ್ಲ. ದಾದಾಸಾಹೇಬ ಫಾಲ್ಕೆಯವರು ೧೯೧೫ರಷ್ಟು ಹಿಂದೆಯೇ ಬೆಂಕಿಕಡ್ಡಿಗಳನ್ನು ಸರಿಸಿಸರಿಸಿ ಕಿರುಚಿತ್ರವೊಂದನ್ನು ಮಾಡಿದ್ದರು. ೧೯೫೬ರಲ್ಲಿ ಡಿಸ್ನಿ ಸಂಸ್ಥೆಯ ಕ್ಲೇರ್ ವೀಕ್ಸ್ ಮುಂಬಯಿಗೆ ಬಂದು ಫಿಲ್ಮ್ಸ್ ಡಿವಿಜನ್ನಿನ ಕಲಾವಿದರಿಗೆ ತರಬೇತು ನೀಡಿದರು. ಅದರ ಫಲವಾಗಿ ೧೯೫೭ರಲ್ಲಿ ಹೊರಬಂದ 'ದ ಬ್ಯಾನಿಯನ್ ಡಿಯರ್' ಚಿತ್ರಕ್ಕೆ ಆರಿಸಿಕೊಂಡುದು ಜಾತಕದ ಕಥೆಯನ್ನು. ಗುರುವು ಹೊರಗಿನವನಾದರೂ ಕಥೆ ಒಳಗಿನದಾಗಿತ್ತು. ಈ ವಿವೇಕವನ್ನು ನಾವು ಮುಂದೆ ಎಷ್ಟರಮಟ್ಟಿಗೆ ಉಳಿಸಿಕೊಂಡೆವು?

ಕನ್ನಡದಲ್ಲಿ ಈ ಮಾತಿಗೆ ಇನ್ನೂ ಒಂದು ಮುಖವಿದೆ. ೧೯೬೦ರ ದಶಕದಿಂದ ನಮ್ಮ ಚಿತ್ರೋದ್ಯಮವು ಡಬ್ಬಿಂಗನ್ನು ವಿರೋಧಿಸುತ್ತ ಬಂದಿತು. ಅಂಥ ತಡೆಯು ಸ್ಪರ್ಧೆಯ ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು ೨೦೧೫ರಲ್ಲಿ ತೀರ್ಮಾನಿಸಿತು. ವಿರೋಧಕ್ಕೆ ಕಾರಣಗಳಿದ್ದುವು, ಅವು ಎಲ್ಲವೂ ಹುರುಳಿಲ್ಲದವೆಂದು ಹೇಳಲಾಗದು. ಆದರೆ ಡಬ್ಬಿಂಗನ್ನು ತಡೆದವರು ಅದರ ಸ್ಥಾನದಲ್ಲಿ ಮಕ್ಕಳಿಗಾಗಿ ಕನ್ನಡದ ಅನಿಮೇಷನ್ ಚಿತ್ರಗಳನ್ನು ಸಾಕಷ್ಟು ನಿರ್ಮಿಸಿದರೆ? ಇಲ್ಲ. ಕಿಟಕಿಯನ್ನು ಮುಚ್ಚಿದರು, ದೀಪವನ್ನು ಮಾತ್ರ ಹಚ್ಚಲಿಲ್ಲ. ತತ್ಫಲವಾಗಿ ನಮ್ಮ ಮಕ್ಕಳ ಒಂದು ಪೀಳಿಗೆಯ ಬಹುಭಾಗವು ತನ್ನ ಕಲ್ಪನೆಯ ಗೆಳೆಯರೊಡನೆ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಮಾತಾಡಿ ಬೆಳೆಯಿತು.

ಇಲ್ಲಿ ಒಂದು ಅಪಾರ್ಥಕ್ಕೆ ಎಡೆಗೊಡಬಾರದು. ಹೊರಗಿನ ಚಿತ್ರಗಳನ್ನು ಮಕ್ಕಳು ನೋಡಲೇಕೂಡದೆಂಬ ಪಕ್ಷ ನಮ್ಮದಲ್ಲ. ಒಳ್ಳೆಯ ಕಥೆಗೆ ಗಡಿಯಿಲ್ಲ. ಆದರೆ ಹೊರಗಿನದನ್ನು ನೋಡಿದ ಕಣ್ಣು ಒಳಗಿನದಕ್ಕೆ ಕುರುಡಾದರೆ ಅದು ನಷ್ಟವೇ ಸರಿ. ಒಂದು ನಿದರ್ಶನವನ್ನು ಕೊಡುತ್ತೇವೆ. 'ಮಡಗಾಸ್ಕರ್' ಚಿತ್ರದಲ್ಲಿ ಕುಣಿಯುವ ರಾಜ ಜೂಲಿಯನ್ ಉಂಗುರಬಾಲದ ಲೀಮರ್ ಎಂಬ ಪ್ರಾಣಿ. ಅದನ್ನು ಗುರುತಿಸುವ ಮಕ್ಕಳು ನಮ್ಮಲ್ಲಿ ಬಹಳ. ಲೀಮರುಗಳು ಸಹಜವಾಗಿ ನೆಲೆಸಿರುವುದು ಮಡಗಾಸ್ಕರ್ ಮತ್ತು ಅದರ ನೆರೆಯ ಕೆಲವು ಕಿರುದ್ವೀಪಗಳಲ್ಲಿ ಮಾತ್ರ. ಆದರೆ ಅವುಗಳ ದಾಯಾದಿಯೊಂದು ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿಯೇ ಇದೆ, ಅದೇ ಕಾಡುಪಾಪ. ಕೆಳದವಡೆಯ ಮುಂಹಲ್ಲುಗಳು ಬಾಚಣಿಗೆಯಂತೆ ಜೋಡಿಸಿಕೊಂಡಿರುವುದು, ಮೂಗಿನ ತುದಿ ತೇವವಾಗಿರುವುದು ಮೊದಲಾದ ಲಕ್ಷಣಗಳಿಂದ ಪ್ರಾಣಿಶಾಸ್ತ್ರಜ್ಞರು ಲೀಮರನ್ನೂ ಕಾಡುಪಾಪವನ್ನೂ ಒಂದೇ ಉಪಗಣದಲ್ಲಿ ಇರಿಸುತ್ತಾರೆ. ದುಂಡನೆಯ ದೊಡ್ಡ ಕಣ್ಣು, ಕಡ್ಡಿಯಂಥ ಕೈಕಾಲು, ಬಾಲವಿಲ್ಲದ ಮೈ, ಇರುಳಿನಲ್ಲಿ ಮೆಲ್ಲಮೆಲ್ಲನೆ ಕೊಂಬೆ ಹಿಡಿದು ಸಾಗುವ ನಡಿಗೆ. ಅನಿಮೇಷನ್ ಕಲಾವಿದನು ಬೇಡಿದರೂ ಇದಕ್ಕಿಂತ ಚೆಲುವಾದ ಪಾತ್ರ ಸಿಕ್ಕದು. ಆದರೂ ಸಮುದ್ರದಾಚೆಯ ದಾಯಾದಿ ನಮ್ಮ ಮಕ್ಕಳ ಗೆಳೆಯನಾದನು. ಹಿತ್ತಿಲಿನ ಕಾಡಿನವನು ಅಪರಿಚಿತನಾಗಿಯೇ ಉಳಿದನು. ದೋಷ ಲೀಮರಿನದಲ್ಲ, ಕಾಡುಪಾಪದ ಕಥೆಯನ್ನು ಯಾರೂ ಹೇಳದಿದ್ದುದೇ ದೋಷ.

ಕಥೆ ಹೇಳದೆ ಬಿಟ್ಟ ಪ್ರಾಣಿಯನ್ನು ರಕ್ಷಿಸುವವರೂ ಕಡಿಮೆ. ಸಿದ್ದಾಪುರದ ಕಡೆಯ ಅಘನಾಶಿನಿಯ ಕಣಿವೆಯಲ್ಲಿ ಸಿಂಗಳೀಕಗಳಿವೆ. ಕರಿಯ ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಗೆ ಸಿಂಹದ ಬಾಲದಂಥ ಕುಚ್ಚು ಇರುವ ಈ ಕೋತಿಯು ಪಶ್ಚಿಮಘಟ್ಟವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಸಹಜವಾಗಿ ಬದುಕುವುದಿಲ್ಲ. ೨೦೧೧ರಲ್ಲಿ ಅದರ ಸಲುವಾಗಿ ಅಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. ಯಲ್ಲಾಪುರದ ಬೇಡ್ತಿಯ ಕಣಿವೆಯಲ್ಲಿ ಮಂಗಟ್ಟೆ ಹಕ್ಕಿಗಳು ಹಾರುತ್ತವೆ. ಸಿದ್ದಾಪುರದ ಕತ್ತಲೆಕಾನಿನಲ್ಲಿ ಕಾಡುಜಾಯಿಕಾಯಿಯ ಜೌಗುಗಳಿವೆ; ಅಲ್ಲಿ ಮರಗಳ ಬೇರುಗಳು ಮೊಣಕಾಲಿನಂತೆ ನೆಲದಿಂದ ಮೇಲೆದ್ದು ಉಸಿರಾಡುತ್ತವೆ. ಮಂತ್ರದ ಕಾಡನ್ನು ಕಲ್ಪಿಸಿಕೊಳ್ಳಲು ಪಶ್ಚಿಮದ ಕಲಾವಿದನು ತಲೆಕೆರೆದುಕೊಳ್ಳಬೇಕು. ನಮ್ಮ ವಿದ್ಯಾರ್ಥಿಯು ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದರೆ ಸಾಕು.

ಈಗ ಎದುರಾಗಬಹುದಾದ ಆಕ್ಷೇಪಗಳನ್ನು ಪರಿಶೀಲಿಸೋಣ. ಮೊದಲನೆಯದು, ನಮ್ಮ ಭಾಷೆಯ ಮಾರುಕಟ್ಟೆ ಚಿಕ್ಕದು, ಇಂಥ ದುಬಾರಿ ಕೆಲಸ ಇಲ್ಲಿ ನಡೆಯದು ಎಂಬುದು. ಲಾಟ್ವಿಯ ಎಂಬ ದೇಶದ ಒಟ್ಟು ಜನಸಂಖ್ಯೆ ೨೦ ಲಕ್ಷಕ್ಕೂ ಕಡಿಮೆ. ೨೦೧೧ರ ಜನಗಣತಿಯ ಪ್ರಕಾರ ನಮ್ಮ ಉತ್ತರ ಕನ್ನಡ ಜಿಲ್ಲೆಯೊಂದರಲ್ಲಿಯೇ ೧೪ ಲಕ್ಷಕ್ಕಿಂತ ಹೆಚ್ಚು ಜನರಿದ್ದರು. ಆ ಪುಟ್ಟ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಎಂಬ ತರುಣ ನಿರ್ದೇಶಕರು ಬೆಕ್ಕೊಂದನ್ನು ನಾಯಕನನ್ನಾಗಿ ಮಾಡಿ, ಒಂದೂ ಮಾತಿಲ್ಲದ 'ಫ್ಲೋ' ಎಂಬ ಚಿತ್ರವನ್ನು ೨೦೨೪ರಲ್ಲಿ ಲೋಕದ ಮುಂದಿಟ್ಟರು. ಅದನ್ನು ತಯಾರಿಸಿದುದು ಬ್ಲೆಂಡರ್ ಎಂಬ ತಂತ್ರಾಂಶದಿಂದ. ಆ ತಂತ್ರಾಂಶಕ್ಕೆ ಬೆಲೆಯೇ ಇಲ್ಲ. ಯಾರು ಬೇಕಾದರೂ ಪಡೆದು ಬಳಸಬಹುದು. ೨೦೨೫ರಲ್ಲಿ ಆ ಚಿತ್ರವು ಹಾಲಿವುಡ್ಡಿನ ಶ್ರೀಮಂತ ಸಂಸ್ಥೆಗಳ ಚಿತ್ರಗಳನ್ನು ಹಿಂದಿಕ್ಕಿ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು. ಹಣವಿಲ್ಲದೆ ಚಿತ್ರವಾಗದೆಂಬುದು ಅರ್ಧಸತ್ಯ. ಹೇಳಬೇಕಾದ ಕಥೆಯಿಲ್ಲದೆ ಚಿತ್ರವಾಗದೆಂಬುದೇ ಪೂರ್ಣಸತ್ಯ.

ಎರಡನೆಯದು, ಪುರಾಣದ ಕಥೆಗಳನ್ನು ಇಂದಿನ ಯುವಜನರು ನೋಡುವರೆ ಎಂಬ ಸಂದೇಹ. ೨೦೨೫ರ ಜುಲೈಯಲ್ಲಿ ತೆರೆಕಂಡ 'ಮಹಾವತಾರ ನರಸಿಂಹ'ವು ಇದಕ್ಕೆ ಉತ್ತರ ಕೊಟ್ಟಿದೆ. ಅಶ್ವಿನ್ ಕುಮಾರರು ನಿರ್ದೇಶಿಸಿ, ಬೆಂಗಳೂರಿನ ಹೊಂಬಾಳೆ ಸಂಸ್ಥೆಯು ಅರ್ಪಿಸಿದ ಆ ಅನಿಮೇಷನ್ ಚಿತ್ರವನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಜನ ಮುಗಿಬಿದ್ದು ನೋಡಿದರು. ಅದರಲ್ಲಿ ಬರುವ ಬಾಲಕ ಪ್ರಹ್ಲಾದನ ಮೊಮ್ಮಗನೇ ನಮ್ಮ ಬಲೀಂದ್ರನೆಂಬುದನ್ನು ಓದುಗರು ಬಲ್ಲರು. ಅಜ್ಜನಿಗೆ ದೊರೆತ ಸ್ವಾಗತ ಮೊಮ್ಮಗನಿಗೆ ದೊರೆಯದೆ?

ಮೂರನೆಯ ಆಕ್ಷೇಪ ತೀರ ಇತ್ತೀಚಿನದು. ಬಾಯಲ್ಲಿ ಹೇಳಿದರೆ ಚಿತ್ರ ಬರೆದುಕೊಡುವ ಯಂತ್ರಗಳು ಬಂದಿರುವಾಗ ಈ ವಿದ್ಯೆಯನ್ನು ಕಲಿಯುವುದೇತಕ್ಕೆ ಎಂದು ಕೆಲವರು ಕೇಳುತ್ತಾರೆ. ಈ ಯಂತ್ರಗಳು ಹಿಂದೆ ಮನುಷ್ಯರು ಮಾಡಿದ ಅಸಂಖ್ಯ ಚಿತ್ರಗಳಿಂದ ಪಾಠ ಕಲಿತವುಗಳು. ಲೋಕವು ಹೆಚ್ಚಾಗಿ ಚಿತ್ರಿಸಿದುದನ್ನು ಅವು ಚೆನ್ನಾಗಿ ಬಲ್ಲವು. ಲೋಕವು ಚಿತ್ರಿಸದೆ ಬಿಟ್ಟುದನ್ನು ಅರಿಯವು. ಸಾಂತಾಕ್ಲಾಸನನ್ನು ಬರೆಯೆಂದರೆ ಕ್ಷಣದಲ್ಲಿ ಬರೆದಾವು. ಬೇಡರವೇಷದ ಕುಣಿತದಲ್ಲಿ ಬೆನ್ನಿನ ನವಿಲುಗರಿ ಯಾವ ಹೆಜ್ಜೆಗೆ ಎತ್ತ ಬಾಗುವುದೆಂಬುದನ್ನು ಅವು ಎಲ್ಲಿಂದ ಕಲಿತಾವು? ಅದನ್ನು ಕಣ್ಣಾರೆ ಕಂಡವನೇ ಮೊದಲು ಬರೆಯಬೇಕು. ಬರೆಯದೆ ಹೋದರೆ ಯಂತ್ರದ ಲೋಕದಲ್ಲಿ ನಮ್ಮ ಸೀಮೆಯು ಇಲ್ಲವೇ ಇಲ್ಲವೆಂಬಂತಾದೀತು. ಹೀಗೆ ನೋಡಿದರೆ ಯಂತ್ರಗಳ ಆಗಮನವು ಈ ಕೆಲಸವನ್ನು ಅನಾವಶ್ಯಕವಾಗಿಸದೆ ಇನ್ನಷ್ಟು ತುರ್ತಿನದಾಗಿ ಮಾಡಿದೆ.

ಹಾಗಾದರೆ ಕೆಲಸವನ್ನು ಎಲ್ಲಿಂದ ಮೊದಲುಮಾಡಬೇಕು? ಭೌತಶಾಸ್ತ್ರದ ತರಗತಿಯಿಂದಲೇ ಮಾಡಬಹುದು. ಮರದಿಂದ ಅಡಕೆಯ ಗೋಟೊಂದು ಬೀಳುವುದನ್ನು ಚಿತ್ರಿಸಬೇಕೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ ೨೪ ಚಿತ್ರಗಳಂತೆ ಲೆಕ್ಕಹಾಕಿದರೆ ಮೊದಲನೆಯ ಚಿತ್ರದ ಅವಧಿಯಲ್ಲಿ ಅದು ಸುಮಾರು ೮.೫ ಮಿಲಿಮೀಟರು ಬೀಳುತ್ತದೆ. ಎರಡನೆಯದರಲ್ಲಿ ಅದರ ಮೂರರಷ್ಟು, ಮೂರನೆಯದರಲ್ಲಿ ಐದರಷ್ಟು, ನಾಲ್ಕನೆಯದರಲ್ಲಿ ಏಳರಷ್ಟು. ಒಂದು, ಮೂರು, ಐದು, ಏಳು ಎಂಬ ಈ ಬೆಸಸಂಖ್ಯೆಗಳ ಸಾಲನ್ನು ಗೆಲಿಲಿಯೊ ಕಂಡುಹಿಡಿದನು. ಹನ್ನೆರಡು ಚಿತ್ರಗಳಾಗುವಷ್ಟರಲ್ಲಿ, ಎಂದರೆ ಅರ್ಧ ಸೆಕೆಂಡಿನಲ್ಲಿ, ಗೋಟು ೧.೨ ಮೀಟರಿಗಿಂತ ಸ್ವಲ್ಪ ಹೆಚ್ಚು ಕೆಳಗೆ ಬಂದಿರುತ್ತದೆ. ಚಿತ್ರಗಳ ನಡುವಿನ ಅಂತರವನ್ನು ಸಮವಾಗಿ ಇಟ್ಟವನ ಅಡಕೆಯು ದಾರಕ್ಕೆ ಕಟ್ಟಿ ಇಳಿಬಿಟ್ಟಂತೆ ಕಾಣುತ್ತದೆ. ಬೆಸಸಂಖ್ಯೆಗಳನ್ನು ಅನುಸರಿಸಿದವನ ಅಡಕೆಯು ನಿಜವಾಗಿ ಬೀಳುತ್ತದೆ. ಸೂತ್ರವನ್ನು ಬಾಯಿಪಾಠ ಮಾಡಿದವನಿಗೂ ಅದನ್ನು ಚಿತ್ರಿಸಿ ನೋಡಿದವನಿಗೂ ಇರುವ ಅಂತರ ಆಗ ವಿದಿತವಾಗುವುದು.

ಗಣಿತಕ್ಕೂ ತಾಳಕ್ಕೂ ಇರುವ ನಂಟನ್ನು ಯಕ್ಷಗಾನದಿಂದ ಕಲಿಯಬಹುದು. ತ್ರಿವುಡೆ ತಾಳದ ಆವರ್ತಕ್ಕೆ ಏಳು ಅಕ್ಷರಗಳು. ಅಕ್ಷರಕ್ಕೆ ಅರ್ಧ ಸೆಕೆಂಡಿನಂತೆ ಭಾಗವತರು ಹಾಡಿದರೆ ಒಂದು ಆವರ್ತಕ್ಕೆ ೮೪ ಚಿತ್ರಗಳು ಬೇಕು. ಹೆಜ್ಜೆಯು ಯಾವ ಚಿತ್ರದಲ್ಲಿ ನೆಲ ಮುಟ್ಟಬೇಕು, ಗೆಜ್ಜೆಯು ಎಷ್ಟು ಚಿತ್ರಗಳ ಅನಂತರ ನಿಲ್ಲಬೇಕು ಎಂಬುದನ್ನೆಲ್ಲ ಎಣಿಸಿಯೇ ಇಡಬೇಕು. ಬಡಗುತಿಟ್ಟಿನ ಕಲಾವಿದನು ಮಂಡಿಯೂರಿ ಸುತ್ತುವಾಗ ಮೈ ಮೊದಲು ತಿರುಗುತ್ತದೆ, ಉಡುಪಿನ ಅಂಚು ಸ್ವಲ್ಪ ತಡೆದು ಹಿಂಬಾಲಿಸುತ್ತದೆ, ಮೈ ನಿಂತಮೇಲೂ ಅದು ಮುಂದಕ್ಕೆ ಬೀಸುತ್ತದೆ. ನ್ಯೂಟನ್ನನ ಜಡತ್ವದ ನಿಯಮಕ್ಕೆ ಇದಕ್ಕಿಂತ ಅಂದವಾದ ಪ್ರಯೋಗವುಂಟೆ? ೨೦೨೦ರಲ್ಲಿ ನಿಧನರಾದ ಹೊಸ್ತೋಟ ಮಂಜುನಾಥ ಭಾಗವತರು ಶಿವಮೊಗ್ಗೆಯಲ್ಲಿ ಕಣ್ಣು ಕಾಣದ ಮಕ್ಕಳಿಗೂ ಯಕ್ಷಗಾನವನ್ನು ಕಲಿಸಿ ರಂಗಕ್ಕೆ ತಂದರು. ಚಲನೆಯನ್ನು ಬಿಡಿಬಿಡಿಯಾಗಿ ಬಿಡಿಸಿ ಹೇಳಬಲ್ಲವರಿಗೆ ಮಾತ್ರವೇ ಅದು ಸಾಧ್ಯ. ಚಲನೆಯನ್ನು ಬಿಡಿಸಿ ನೋಡುವ ಅದೇ ವಿದ್ಯೆಯ ಇನ್ನೊಂದು ಹೆಸರು ಅನಿಮೇಷನ್.

ಆದುದರಿಂದ ಮೂರು ತಾಲ್ಲೂಕುಗಳ ಶಾಲೆ ಕಾಲೇಜುಗಳ ಮುಂದೆ ಒಂದು ಸಲಹೆಯನ್ನು ಇಡುತ್ತೇವೆ. ಮುಂದಿನ ದೊಡ್ಡಹಬ್ಬಕ್ಕೆ ಒಂದೊಂದು ಶಾಲೆಯೂ ಒಂದು ನಿಮಿಷದ ಚಿತ್ರವನ್ನು ಮಾಡಲಿ. ಸೆಕೆಂಡಿಗೆ ೧೨ ಚಿತ್ರಗಳು ಸಾಕು; ಒಂದೊಂದನ್ನೂ ಎರಡೆರಡು ಸಲ ತೋರಿಸಿದರೆ ೨೪ ಆಗುವುದು. ವೃತ್ತಿಪರರೂ ಬಹುವಾಗಿ ಹೀಗೆಯೇ ಮಾಡುತ್ತಾರೆ. ಒಂದು ನಿಮಿಷಕ್ಕೆ ಬೇಕಾದುದು ೭೨೦ ಚಿತ್ರಗಳು. ತರಗತಿಯಲ್ಲಿ ೪೦ ಮಂದಿ ಇದ್ದರೆ ತಲೆಗೆ ೧೮ ಚಿತ್ರಗಳು ಬಿದ್ದುವು. ಕಾಗದ, ಸೀಸದಕಡ್ಡಿ, ಯಾರದಾದರೂ ಒಂದು ಮೊಬೈಲ್ ಫೋನು ಇಷ್ಟಿದ್ದರೆ ಬಂಡವಾಳ ಮುಗಿಯಿತು. ಸಿದ್ದಾಪುರದ ಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲಿನ ಹಸೆ ಚಿತ್ತಾರದ ಬಿಳಿಯ ಗೆರೆಗಳಿಗೆ ನಡಿಗೆ ಕಲಿಸಲಿ. ಶಿರಸಿಯ ಮಕ್ಕಳು ಎರಡು ವರ್ಷಕ್ಕೊಮ್ಮೆ ಹೋಳಿಯ ಇರುಳಿನಲ್ಲಿ ಬರುವ ಬೇಡರವೇಷದವನನ್ನು ಕುಣಿಸಲಿ. ಯಲ್ಲಾಪುರದ ಮಕ್ಕಳು ಸಿದ್ದಿಯರ ಡಮಾಮಿಯ ಪೆಟ್ಟಿಗೆ ಮಂಗಟ್ಟೆಯ ರೆಕ್ಕೆಯನ್ನು ಬಡಿಸಲಿ. ಆದರೆ ಸಿದ್ದಿಯರ ಮನೆಯ ಮಕ್ಕಳನ್ನೇ ಮುಂದಿಟ್ಟುಕೊಂಡು ಮಾಡಲಿ. ಪರರ ಕಥೆಯನ್ನು ಅವರನ್ನು ಕೇಳದೆ ಹೇಳುವ ತಪ್ಪನ್ನು ನಾವೂ ಮಾಡಬಾರದು.

ಮುಖ್ಯವಾದ ಮಾತೊಂದು ಉಳಿದಿದೆ. ಆ ಪಾತ್ರಗಳನ್ನು ಒಂದು ವರ್ಷಕ್ಕೇ ಕೈಬಿಡಬಾರದು. ಬಲೀಂದ್ರನೂ ಕಾಡುಪಾಪವೂ ಸಿಂಗಳೀಕವೂ ಮುಂದಿನ ಹಬ್ಬಕ್ಕೆ ಮತ್ತೆ ಬರಬೇಕು, ಅದರ ಮುಂದಿನದಕ್ಕೂ ಬರಬೇಕು. ಈ ವರ್ಷ ಎಂಟನೆಯ ತರಗತಿಯವರು ಬರೆದುದನ್ನು ಮುಂದಿನ ಎಂಟನೆಯ ತರಗತಿಯವರು ಮುಂದುವರಿಸಲಿ. ಹಳೆಯ ಗೆಳೆಯರೆನಿಸಿಕೊಳ್ಳಲು ಯಾವ ಪಾತ್ರಕ್ಕಾದರೂ ಕಾಲ ಬೇಕು. ಹತ್ತು ಹಬ್ಬಗಳು ಕಳೆದಮೇಲೆ ತಾನೇ ಮಕ್ಕಳು ಬಾಗಿಲಲ್ಲಿ ನಿಂತು ಅವರಿಗಾಗಿ ಕಾಯುವುದು! ಪಶ್ಚಿಮದವರ ಯಶಸ್ಸಿನ ಗುಟ್ಟೂ ಇದೇ. ಒಂದು ಚಿತ್ರದ ಗೆಲುವಿಗಿಂತ ಮರಳಿ ಬರುವ ಪಾತ್ರದ ನೆನಪು ಬಹುಕಾಲ ಬಾಳುತ್ತದೆ.

ಅನಿಮೇಷನ್ ಉದ್ಯಮಕ್ಕಾಗಿ ಕರ್ನಾಟಕ ಸರಕಾರವು ೨೦೧೨ರಲ್ಲಿ ನೀತಿಯೊಂದನ್ನು ರೂಪಿಸಿತು. ೨೦೨೪ರಲ್ಲಿ ಹೊಸದೊಂದನ್ನು ಪ್ರಕಟಿಸಿತು. ನೀತಿಗಳು ಕಟ್ಟಡವನ್ನೂ ಯಂತ್ರವನ್ನೂ ಸಹಾಯಧನವನ್ನೂ ಕೊಡಬಲ್ಲವು. ಅದರ ಒಂದು ಪಾಲು ರಾಜಧಾನಿಯನ್ನು ದಾಟಿ ಮಲೆನಾಡಿನ ಶಾಲೆಗಳಿಗೂ ತಲುಪಬೇಕೆಂದು ಒತ್ತಾಯಪಡಿಸುವ ಹಕ್ಕು ನಮಗಿದೆ. ಆದರೆ ಯಾವ ನೀತಿಯೂ ಕಥೆಯನ್ನು ಕೊಡಲಾರದು, ಕಾಣುವ ಕಣ್ಣನ್ನು ಕೊಡಲಾರದು. ತಂತ್ರಾಂಶದ ಗುಂಡಿಗಳನ್ನು ಒತ್ತುವುದನ್ನು ಆರು ತಿಂಗಳಲ್ಲಿ ಕಲಿಸುವೆವೆಂಬ ಜಾಹೀರಾತುಗಳಿಗೆ ಮರುಳಾಗಿ ಸಾಲಮಾಡಿ ನಗರಕ್ಕೆ ಧಾವಿಸುವ ತರುಣರಿಗೆ ನಾವು ಹೇಳುವುದಿಷ್ಟೆ: ಗುಂಡಿಗಳು ಬದಲಾಗುತ್ತವೆ, ಸಂಸ್ಥೆಗಳು ಮುಚ್ಚುತ್ತವೆ, ಬೀಳುವ ವಸ್ತುವಿನ ನಿಯಮ ಬದಲಾಗದು, ಸಿಂಗಳೀಕದ ಜಿಗಿತ ಬದಲಾಗದು. ಬದಲಾಗದುದನ್ನು ಮೊದಲು ಕಲಿಯಿರಿ. ಉಳಿದುದು ಹಿಂದಿನಿಂದ ಬರುತ್ತದೆ.

ಹಬ್ಬಕ್ಕೆ ಊರಿಗೆ ಬರುವ ಮಗನಿಗೋ ಮಗಳಿಗೋ ಮನೆಯವರು ಕೇಳುವ ಮೊದಲ ಪ್ರಶ್ನೆ, ಅಲ್ಲಿ ಏನು ಕೆಲಸ ಮಾಡುತ್ತೀ ಎಂಬುದು. ತೆರೆಯ ಮೇಲೆ ಒಂದು ಕ್ಷಣ ತೋರಿ ಮರೆಯಾಗುವ ಪರದೇಶದ ಪಾತ್ರವೊಂದನ್ನು ತೋರಿಸಿ, ಇದರ ಕಿವಿಯನ್ನು ಅಲುಗಿಸಿದವರು ನಾವು ಎಂದು ಹೇಳುವುದರಲ್ಲಿಯೂ ಹೆಮ್ಮೆಯಿದೆ. ಆದರೆ ಅಜ್ಜಿಗೆ ಹೆಸರು ಹೇಳದೆಯೇ ಗುರುತು ಸಿಗುವ ಪಾತ್ರವೊಂದನ್ನು ತೋರಿಸುವ ದಿನವೂ ಬರಬೇಕು. ಅದು ತಾನಾಗಿ ಬರುವುದಿಲ್ಲ. ೭೨೦ ಚಿತ್ರಗಳಲ್ಲಿ ಮೊದಲನೆಯದನ್ನು ಯಾರಾದರೂ ಇಂದು ಬರೆಯಬೇಕು.